ಕೆಂಚಪ್ಪನ ಅಂಗಳ, ಬೋರಕ್ಕನ ಬಿಲ

ಈ ಕಥೆಯ ಒಂದೊಂದು ಅಕ್ಷರವೂ ನಿಜ ಮಕ್ಕಳೇ. ಸುಳ್ಳು ಹಿಡಿದವರು ನನ್ನ ಮೀಸೆ ಬೋಳಿಸಬಹುದು. ಅದೂ ಎಂಥ ಮೀಸೆ, ಹುಲಿಯೇ ಕಂಡು ಹಾದಿ ಬಿಟ್ಟ ಮೀಸೆ.

ಒಂದು ಕಾಡಿನಲ್ಲಿ ಒಂದು ದಿಬ್ಬ, ಅದರ ಬುಡದಲ್ಲಿ ಒಂದು ತಗ್ಗು. ದಿಬ್ಬದ ಮೇಲೆ ಕೆಂಚಪ್ಪನೆಂಬ ನರಿ. ತಗ್ಗಿನಲ್ಲಿ ಬೋರಕ್ಕನೆಂಬ ಹೆಗ್ಗಣ, ಅವಳ ಸುತ್ತ ಮೊಲ, ಮುಂಗುಸಿ, ಸುಂಡಿಲಿ. ಮಳೆ ಶುರುವಾದರೆ ತಗ್ಗಿನವರದ್ದೊಂದು ರೂಢಿ. ಒಬ್ಬರು ಬಿಲದ ಬಾಯಿಗೆ ಬಂದು "ಇದ್ದೀಯಾ?" ಎನ್ನಬೇಕು, ಪಕ್ಕದವರು "ಇದ್ದೀನಿ" ಎನ್ನಬೇಕು. ಕೂಗು ಒಂದು ಸುತ್ತು ಹೋಗಿಬಂದ ಮೇಲೆಯೇ ಬೋರಕ್ಕನಿಗೆ ನಿದ್ದೆ.

ದಿಬ್ಬದ ಪಕ್ಕದಲ್ಲಿ ಒಂದು ಹಳ್ಳ ಹರಿದು ಕೆರೆ ಸೇರುತ್ತಿತ್ತು. ಕೆಂಚಪ್ಪನಿಗೆ ಅಂಗಳ ಸಾಲಲಿಲ್ಲ. ಹಳ್ಳಕ್ಕೆ ಮಣ್ಣು ತುಂಬಿ, ಅದರ ಮೇಲೇ ಹೊಸ ಮನೆ ಕಟ್ಟಿದ. ಅಂಗಳ ಎಷ್ಟು ದೊಡ್ಡದಾಯಿತೆಂದರೆ, ದಾಟುವಾಗ ನಡುವೆ ಕೂತು ಒಂದು ಊಟ ಮಾಡಬೇಕಿತ್ತು. ದಾರಿ ಕಳೆದುಕೊಂಡ ನೀರು ತಗ್ಗಿಗೆ ನುಗ್ಗಿತು.

ಬೋರಕ್ಕ ದಿಬ್ಬ ಹತ್ತಿ ಹೋಗಿ ಹೇಳಿಕೊಂಡಳು. ಕೆಂಚಪ್ಪ ಬಾಲ ನೀವಿಕೊಂಡ.

"ತಗ್ಗಿನಲ್ಲಿ ಮನೆ ಮಾಡು ಅಂತ ನಿನಗ್ಯಾರು ಹೇಳಿದ್ರು ಬೋರಕ್ಕ?"

ಮೊದಲ ಮಳೆಗಾಲಕ್ಕೆ ಮೊಲ ಗಂಟುಮೂಟೆ ಕಟ್ಟಿತು. ಎರಡನೆಯದಕ್ಕೆ ಮುಂಗುಸಿ. ಮೂರನೆಯದಕ್ಕೆ ಸುಂಡಿಲಿಯೂ ಹೇಳದೆ ಹೋಯಿತು. ಬೋರಕ್ಕ ಅಂದೂ ಬಿಲದ ಬಾಯಿಗೆ ಬಂದು ಕೂಗಿದಳು. ಮಳೆಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

ಹೋಗಲು ಅವಳಿಗೆ ಬೇರೆ ಜಾಗವಿರಲಿಲ್ಲ. ತುಂಬಿದ ಮಣ್ಣಿನಡಿ ಒಬ್ಬಳೇ ಸುರಂಗ ತೋಡಿದಳು. ನೀರು ಸಣ್ಣಗೆ ಕೆರೆಯ ಕಡೆ ಹರಿಯತೊಡಗಿತು. ಅಂಗಳದಂಚಿನಲ್ಲಿ ಕೆಸರು ಕಂಡು ಕೆಂಚಪ್ಪನಿಗೆ ರೇಗಿತು. ಸುರಂಗದ ಕೆಳಬಾಯಿಗೆ ಗುಂಡುಕಲ್ಲು ಜಡಿದು, ತನ್ನ ಜಾಣತನಕ್ಕೆ ತಾನೇ ನಕ್ಕ.

ನೀರು ಹೊರಬರಲಾಗದೆ ಅವನ ಮನೆಯಡಿಯಲ್ಲೇ ನಿಂತಿತು. ಮಣ್ಣು ನೆನೆದು ಅಂಬಲಿಯಾಯಿತು. ಮರುದಿನದ ಮಳೆಗೆ ಅಂಗಳ, ಮನೆ, ನರಿ ಮೂರೂ ಒಟ್ಟಿಗೇ ಜಾರಿ ತಗ್ಗಿಗೆ ಬಂದವು. ಹಳ್ಳ ತನ್ನ ಹಳೆಯ ದಾರಿ ಹಿಡಿಯಿತು.

"ಇದ್ದೀಯಾ?" ಎಂದು ಬೋರಕ್ಕ ರೂಢಿಯಂತೆ ಕೂಗಿದಳು.

"ಇದ್ದೀನಕ್ಕಾ," ಎಂದು ಕೆಸರೊಳಗಿನಿಂದ ಕೆಂಚಪ್ಪ ನರಳಿದ.

ಅವಳು ಬಾಲ ಹಿಡಿದು ಎಳೆದುಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ತಗ್ಗಿನಲ್ಲಿ ಮನೆ ಮಾಡಿ ಅಂತ ನಿಮಗ್ಯಾರು ಹೇಳಿದ್ರು ಕೆಂಚಪ್ಪನೋರೇ?"

ತಗ್ಗು ಒಣಗಿತು. ಮುಂದಿನ ಮಳೆಗೆ ಬೋರಕ್ಕ ಕೂಗಿದಾಗ ಪಕ್ಕದ ಬಿಲದಿಂದ ಸುಂಡಿಲಿಯ ದನಿ ಬಂತು, "ಇದ್ದೀನಿ."

ನೀತಿ: ತನ್ನ ಅಂಗಳಕ್ಕಾಗಿ ನೀರಿನ ದಾರಿ ಮುಚ್ಚಿ ತಗ್ಗಿನವರನ್ನು ಮುಳುಗಿಸುವವನನ್ನು ಅದೇ ನೀರು ಒಂದು ದಿನ ತಗ್ಗಿಗೆ ಇಳಿಸುತ್ತದೆ.

ಎಲ್ಲವೂ ನಿಜ, ಮೀಸೆಗೆ ಕೈ ಹಾಕಬೇಡಿ. ಕೊನೆಗೆ ಸುಂಡಿಲಿ ಉತ್ತರ ಕೊಟ್ಟಿತು ಅಂದೆನಲ್ಲ, ಅದೊಂದು ಮಾತ್ರ ನಾನು ಸೇರಿಸಿದ್ದು. ಬೋರಕ್ಕ ಈಗಲೂ ಕೂಗುತ್ತಾಳೆ.