ಕಾಫಿ ಮುಗಿಯುವಷ್ಟರಲ್ಲಿ ಹಾಡಿದ ರೇಡಿಯೊ

ಬೆಂಗಳೂರಿನಲ್ಲಿ ಹಳೇ ಕಾರುಗಳ ಪ್ರದರ್ಶನ. ತೀರ್ಪುಗಾರ ಜಯಸಿಂಹರು ಬೆತ್ತ ಬೀಸುತ್ತ ಬಂದರು. ಕಾರು ಯಾವ ಕಾಲದ್ದೋ ಅದರ ರೇಡಿಯೊ, ಆಂಟೆನಾನೂ ಅದೇ ಕಾಲದ್ದಾಗಿರಬೇಕು, ಇಲ್ಲದಿದ್ದರೆ ಗೇಟಿನಾಚೆ ಎಂಬುದು ಅವರ ಕಟ್ಟಪ್ಪಣೆ.

ರೇಡಿಯೊ ರಿಪೇರಿಯ ಚನ್ನಕೇಶವಯ್ಯ ತನ್ನ ಐವತ್ತೈದನೇ ಇಸವಿಯ ಕಾರು ತಂದಿದ್ದ. ಜಯಸಿಂಹರು ಆಂಟೆನಾ ಎಳೆದು ನೋಡಿದರು, ಸರಿಯಿತ್ತು. ರೇಡಿಯೊದ ಗುಂಡಿ ತಿರುಗಿಸಿದರು. ಸದ್ದೇ ಇಲ್ಲ.

"ಸತ್ತ ಪೆಟ್ಟಿಗೆ ತಂದಿದ್ದೀಯಲ್ಲಯ್ಯ! ಅಲ್ಲಿ ಸಾಲಲ್ಲಿ ನಿಂತಿರೋ ನನ್ನ ಕಾರು ನಿಂದಕ್ಕಿಂತ ಹಳೇದು. ಅದರ ರೇಡಿಯೊ ಗುಂಡಿ ಮುಟ್ಟಿದ ತಕ್ಷಣ ಹಾಡುತ್ತೆ. ನಡಿ ಆಚೆ!"

"ಹೋಗ್ತೀನಿ ಸಾರ್. ಬಿಸಿಲಲ್ಲಿ ಬಂದಿದ್ದೀರಿ, ಮೊದಲು ಒಂದು ಲೋಟ ಕಾಫಿ ಕುಡೀರಿ" ಎಂದು ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟ.

ಕಾಫಿ ಅರ್ಧ ಆಗಿತ್ತು, ಪೆಟ್ಟಿಗೆ ಗುಂಯ್ ಎಂದಿತು. ಹಿಂದೆಯೇ ಆಕಾಶವಾಣಿಯ ನಾಗಸ್ವರ ಮೊಳಗಿತು. ಜನ ಚಪ್ಪಾಳೆ ತಟ್ಟಿದರು.

"ಆ ಕಾಲದ ರೇಡಿಯೊ ಒಳಗೆ ಬಲ್ಬಿನಂಥ ಗಾಜಿನ ವಾಲ್ವ್ ಇರುತ್ತೆ ಸಾರ್. ಅದು ಚೆನ್ನಾಗಿ ಕಾದ ಮೇಲೇ ಹಾಡೋದು. ಮುಟ್ಟಿದ ತಕ್ಷಣ ಹಾಡಿದ್ರೆ ಒಳಗಿರೋದು ಹೊಸ ಮಾಲು."

ಜಯಸಿಂಹರು ಲೋಟ ಕೆಳಗಿಟ್ಟು ತಮ್ಮ ಕಾರಿನ ಕಡೆ ತಿರುಗಿದರು.

ಚನ್ನಕೇಶವಯ್ಯ ಕೈಕಟ್ಟಿ ಕೇಳಿದ: "ಗೇಟು ತೆಗೆಸ್ಲಾ ಸಾರ್? ತಮ್ಮ ಕಾರು ಆಚೆ ಹೋಗಬೇಕಲ್ಲ."