ಮೊದಲ ಪಂಕ್ತಿಯ ಮದ್ದು

"ಅಜ್ಜಿ, ಹೆದರಿಕೆ ಇರುವುದು ಮನಸ್ಸಿನಲ್ಲಿ. ಹಾಗಿದ್ದಮೇಲೆ ಉರಿಯುವುದು ಹೊಟ್ಟೆ ಯಾಕೆ?"

ಹೀಗೆ ಕೇಳಿದವಳು ಬಾಳವ್ವ. ಊರಿಗೆ ಔಷಧಿ ಕೊಡುತ್ತಿದ್ದ, ಹೆರಿಗೆ ಮಾಡಿಸುತ್ತಿದ್ದ ಗುರವಜ್ಜಿಯ ಬಳಿ ಅವಳು ಮೂರು ವರ್ಷದಿಂದ ಕಲಿಯುತ್ತಿದ್ದಳು. ಆ ವಾರ ಕುಂಬಾರರ ಸೊಸೆಯ ಹೆರಿಗೆಯನ್ನು ಮೊದಲ ಸಲ ತಾನೊಬ್ಬಳೇ ಮಾಡಿಸಬೇಕಿತ್ತು.

ಅಜ್ಜಿ ಅವಳು ಮುಟ್ಟದೆ ಬಿಟ್ಟಿದ್ದ ರೊಟ್ಟಿಯ ತಟ್ಟೆಯನ್ನು ಒಮ್ಮೆ ನೋಡಿದಳು.

"ಬಾ, ಗೋಡೆಗೆ ಒರಗಿ ಕಾಲು ಚಾಚಿ ಕೂತುಕೋ. ನಡುವೆ ಎದ್ದರೆ ಕತೆ ಕೆಡುತ್ತದೆ," ಎಂದು ಶುರು ಮಾಡಿದಳು.

ಒಂದು ಊರಿನಲ್ಲಿ ಒಬ್ಬ ಅಡಿಗೆಯವನಿದ್ದ. ಸುತ್ತ ಹತ್ತು ಹಳ್ಳಿಯ ಮದುವೆಗೆ ಅವನದೇ ಹುಗ್ಗಿ, ಅವನದೇ ಸಾರು. ಉಂಡವರು ಬೆರಳು ನೆಕ್ಕುತ್ತ ಹೋಗುತ್ತಿದ್ದರು. ಅವನು ಮಾತ್ರ ಉಣ್ಣುತ್ತಿರಲಿಲ್ಲ. ಸಾರು ಸಾಲದೆ ಹೋದರೆ? ಅನ್ನ ತಳ ಹಿಡಿದರೆ? ಮದುವೆಗೆ ಎಂಟು ದಿನ ಇರುವಾಗಲೇ ನಿದ್ದೆ ಹಾರಿಹೋಗುತ್ತಿತ್ತು. ಮದುವೆಯ ದಿನ ಒಲೆಯಿಂದ ಪಂಕ್ತಿಗೆ, ಪಂಕ್ತಿಯಿಂದ ಒಲೆಗೆ ಓಡುತ್ತಿದ್ದ. ಹೆಂಡತಿ ಸೌಟು ಮುಟ್ಟಿದರೂ ಕೂಗಾಡುತ್ತಿದ್ದ.

ಇಪ್ಪತ್ತು ವರ್ಷ ಹೀಗೇ ನಡೆಯಿತು. ಮೊದಲು ಹೊಟ್ಟೆ ಉರಿಯಿತು. ಆಮೇಲೆ ತಲೆ ಸಿಡಿಯಿತು, ಎದೆ ಡವಡವ ಅನ್ನತೊಡಗಿತು. ಕೊನೆಗೆ ಸೌಟು ಹಿಡಿದ ಕೈಯೇ ನಡುಗಿತು. ಅಡಿಗೆ ಬಿಟ್ಟರೆ ತಾನು ಯಾರು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅಳುತ್ತ ಒಬ್ಬ ವೈದ್ಯನ ಬಳಿಗೆ ಹೋದ.

ವೈದ್ಯ ನಾಡಿ ಹಿಡಿದು ನೋಡಿ, ಒಂದು ಪುಡಿಯ ಪೊಟ್ಟಣ ಕೊಟ್ಟ. "ಅಡಿಗೆಗೆ ಹೋದ ಮನೆಯಲ್ಲೇ ಇದನ್ನು ತೆಗೆದುಕೊಳ್ಳಬೇಕು. ಮೊದಲ ಪಂಕ್ತಿಯಲ್ಲಿ ಕೂತು, ಹೊಟ್ಟೆ ತುಂಬ ಉಂಡು."

"ನಾನು ಪಂಕ್ತಿಯಲ್ಲಿ ಕೂತರೆ ಒಲೆ ಯಾರು ನೋಡಬೇಕು, ಸ್ವಾಮಿ?"

"ನೀನು ಔಷಧಿ ಕೇಳಲು ಬಂದದ್ದು ಒಲೆಗೋ, ಹೊಟ್ಟೆಗೋ?"

ಮುಂದಿನ ಮದುವೆಯಲ್ಲಿ ಅಡಿಗೆಯವ ಮೊದಲ ಪಂಕ್ತಿಯಲ್ಲಿ ಕೂತ. ನಮ್ಮ ಕಡೆಯ ರೀತಿ ನಿನಗೆ ಗೊತ್ತಲ್ಲ, ಬಾಳವ್ವ. ಎಲ್ಲರ ಊಟ ಮುಗಿಯುವ ತನಕ ಯಾರೂ ಏಳುವ ಹಾಗಿಲ್ಲ. ಎಂಜಲು ಕೈಯಲ್ಲಿ ಒಲೆಯ ಹತ್ತಿರ ಹೋಗುವ ಹಾಗೂ ಇಲ್ಲ.

ಅವನು ಮೊದಲ ತುತ್ತು ಬಾಯಿಗಿಟ್ಟ. ಹೊರಗೆ ಗಾಡಿಗಳ ಸದ್ದಾಯಿತು. ಗಂಡಿನ ಕಡೆಯವರು ಹೇಳದೆ ಕೇಳದೆ ನಾಲ್ಕು ಗಾಡಿ ಜನರನ್ನು ಹೆಚ್ಚಿಗೆ ತಂದಿದ್ದರು. ಒಳಗಿನಿಂದ ಯಾರೋ ಕೂಗಿದರು, "ಅನ್ನ ಇದೆ, ಸಾರು ಸಾಲುವುದಿಲ್ಲ!"

ಇಪ್ಪತ್ತು ವರ್ಷ ಯಾವುದಕ್ಕೆ ಹೆದರಿದ್ದನೋ ಅದು ಬಂದೇ ಬಿಟ್ಟಿತು. ಅಡಿಗೆಯವ ಅರ್ಧ ಎದ್ದ. ಪಕ್ಕದಲ್ಲಿದ್ದ ಒಬ್ಬ ಬೊಚ್ಚುಬಾಯಿಯ ಮುದುಕ ಅವನ ಧೋತರದ ತುದಿ ಹಿಡಿದು ಎಳೆದ.

"ಎಲ್ಲಿಗೆ ಹೊರಟೆಯೋ ತಮ್ಮಾ? ನನಗೆ ಹಲ್ಲಿಲ್ಲ. ನಾನು ಉಂಡು ಮುಗಿಸುವ ಹೊತ್ತಿಗೆ ಆ ಮದುಮಗಳ ಮಡಿಲಲ್ಲಿ ಕೂಸು ಇರುತ್ತದೆ. ಅಲ್ಲಿಯ ತನಕ ಕೂತಿರು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಡಿಗೆಯವ ಕೂತ. ಮಾಡಲು ಬೇರೇನೂ ಇರಲಿಲ್ಲ, ಉಂಡ. ತನ್ನ ಕೈಯ ಹುಗ್ಗಿ ಅಷ್ಟು ರುಚಿ ಎಂದು ಅವನಿಗೆ ಅಂದೇ ಗೊತ್ತಾದದ್ದು.

ಒಳಗೆ ಅವನ ಹೆಂಡತಿ ಸೌಟು ಹಿಡಿದಳು. ಕೊನೆಗೆ ಬಡಿಸಲು ಇಟ್ಟಿದ್ದ ಮಜ್ಜಿಗೆಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಹಾಕಿದಳು. ಚುರ್ ಅಂತ ಒಗ್ಗರಣೆ ಕೊಟ್ಟಳು. ಎರಡನೆಯ ಪಂಕ್ತಿಯವರು ಸಾರನ್ನು ಕೇಳಲೇ ಇಲ್ಲ. ಆ ಮಜ್ಜಿಗೆಯನ್ನೇ ಮೂರು ಮೂರು ಸಲ ಹಾಕಿಸಿಕೊಂಡರು.

ಒಂದೇ ಊಟಕ್ಕೆ ಕಾಯಿಲೆ ಬಿಡಲಿಲ್ಲ. ಆರು ಮದುವೆ ಉಂಡ ಮೇಲೆ ಹೊಟ್ಟೆ ತಣ್ಣಗಾಯಿತು, ಕೈಯ ನಡುಕ ನಿಂತಿತು. ಅಡಿಗೆಯವ ವೈದ್ಯನಿಗೆ ಕೈಮುಗಿದು, ಅದು ಯಾವ ಪುಡಿ ಎಂದು ಕೇಳಿದ. ವೈದ್ಯ ಹೇಳಿದ, "ಜೀರಿಗೆ." ದಿನಾ ಜೀರಿಗೆ ಹುರಿಯುವವನಿಗೆ ಅದರ ವಾಸನೆಯೂ ಹತ್ತಿರಲಿಲ್ಲ. ಹೆದರಿದ ಮೈ ಮೂಗನ್ನೂ ಮುಚ್ಚಿಕೊಂಡು ಕೂತಿತ್ತು, ನೋಡು.

ಚಿಂತೆ ಪೂರ್ತಿ ಹೋಯಿತೇ? ಇಲ್ಲ. ಮದುವೆಯ ಹಿಂದಿನ ದಿನ ಬಂದೇ ಬರುತ್ತಿತ್ತು. ಆದರೆ ಈಗ ಅವನು ಅದನ್ನು ಹೆಂಡತಿಗೆ ಹೇಳುತ್ತಿದ್ದ. ಇಬ್ಬರೂ ಮಾತಾಡಿಕೊಂಡು ಒಂದು ಹಂಡೆ ಮಜ್ಜಿಗೆ ಹೆಚ್ಚಿಗೆ ಇಡುತ್ತಿದ್ದರು.

ಅಡಿಗೆಯವನಿಗೆ ಬೊಜ್ಜು ಬಂತು, ಹಾಡು ಬಂತು. ಹೆಂಡತಿಯ ಮಜ್ಜಿಗೆ ಅವನ ಹುಗ್ಗಿಗಿಂತ ಹೆಸರು ಮಾಡಿತು. ಜನ ಅವಳನ್ನು ಕೇಳಿಕೊಂಡು ಮದುವೆಯ ದಿನ ಇಡತೊಡಗಿದರು. ಆ ಮದುಮಗಳಿಗೆ ಅವಳಿಜವಳಿ ಹುಟ್ಟಿದವು. ಬೊಚ್ಚುಬಾಯಿಯ ಮುದುಕ ಮಾತ್ರ ಇನ್ನೂ ಅದೇ ಎಲೆಯ ಮುಂದೆ ಉಣ್ಣುತ್ತಿದ್ದಾನಂತೆ.

ಬಾಳವ್ವ ನಕ್ಕಳು. ನಗುತ್ತಲೇ ಎದ್ದಳು. "ಕತೆ ಚೆನ್ನಾಗಿದೆ ಅಜ್ಜಿ. ನಾನು ಕುಂಬಾರರ ಮನೆಗೆ ಇನ್ನೊಂದು ಸಲ ಹೋಗಿ ನೋಡಿ ಬರುತ್ತೇನೆ. ಬೆಳಗಿನಿಂದ ಆರು ಸಲ ಆಯಿತು, ಆದರೂ..."

ಅಜ್ಜಿ ಅವಳ ಸೆರಗು ಹಿಡಿದು ಎಳೆದು ಕೂರಿಸಿದಳು. ಆರಿಹೋಗಿದ್ದ ರೊಟ್ಟಿಯ ತಟ್ಟೆಯನ್ನು ಅವಳ ಮುಂದಕ್ಕೆ ತಳ್ಳಿ, ತನ್ನ ತಟ್ಟೆಯನ್ನೂ ಹತ್ತಿರ ಎಳೆದುಕೊಂಡಳು.

"ನನಗೂ ಹಲ್ಲಿಲ್ಲ, ಬಾಳವ್ವ, ನಾನು ಉಂಡು ಮುಗಿಸುವ ತನಕ ನೀನು ಏಳುವ ಹಾಗಿಲ್ಲ."

ಬಾಳವ್ವ ಏನೋ ಅಂದಳು, ತಿಳಿಯಲಿಲ್ಲ. ಬಾಯಿ ತುಂಬ ರೊಟ್ಟಿ ಇತ್ತು.