ಊಸರವಳ್ಳಿ ಮಗಳ ಅಂಕಪಟ್ಟಿ

ಹೊಂಗೆಮರದ ಶಾಲೆಯಲ್ಲಿ ಅಳಿಲು ಮೇಷ್ಟ್ರು ಊಸರವಳ್ಳಿಯ ಮಗಳು ಚಂಪೆಯ ಬುದ್ಧಿಯನ್ನು ಪರೀಕ್ಷಿಸಿ, ಅಂಕಪಟ್ಟಿಯನ್ನು ತಾಯಿಯ ಕೈಗಿತ್ತರು. ನೊಣ ಹಿಡಿಯುವುದರಲ್ಲಿ ತೊಂಬತ್ತೆಂಟು, ಕೊಂಬೆ ದಾಟುವುದರಲ್ಲಿ ಎರಡು. ತಾಯಿ ಕಕ್ಕಾಬಿಕ್ಕಿಯಾದಳು. ಅವಳ ಒಂದು ಕಣ್ಣು ಆ ಅಂಕದತ್ತ, ಇನ್ನೊಂದು ಈ ಅಂಕದತ್ತ ಹೊರಳಿತು. ಎರಡೂ ಒಂದೇ ಮಗುವಿನವೆಂದು ನಂಬಲಾಗಲಿಲ್ಲ.

"ಇವಳು ಜಾಣೆಯೋ ದಡ್ಡಿಯೋ, ಮೇಷ್ಟ್ರೇ?"

"ಎರಡೂ ಅಲ್ಲಮ್ಮ. ಕೂಡಿಸಿ ಎರಡರಿಂದ ಭಾಗಿಸಿದೆ, ಐವತ್ತು ಬಂತು. ಸಾಧಾರಣ ಮಗು. ಬೇಟೆ ಕಲಿಸುವ ಮೇಲಿನ ಕೊಂಬೆ ಇವಳಿಗೆ ಬೇಡ, ನಡುವಿನ ಕೊಂಬೆಯಲ್ಲಿ ಕೂರಲಿ."

ಚಂಪೆ ಮೆಲ್ಲನೆ ಹೇಳಿದಳು: "ಅಮ್ಮಾ, ಬೇಗ ನಡೆದರೆ ಎಲೆ ಅಲುಗುತ್ತೆ, ನೊಣ ಹಾರಿಹೋಗುತ್ತೆ."

"ಹಾವು ಬಂದಾಗಲೂ ಹೀಗೇ ನಡೀತೀಯೇನು?" ಎಂದು ಮೇಷ್ಟ್ರು ಗದರಿದರು.

ತಾಯಿ ಪಟ್ಟಿಯನ್ನು ಹಿಂದಿರುಗಿಸಿ ಹೇಳಿದಳು:

"ಬೇಟೆಯ ಪಾಠಕ್ಕೆ ಮೇಲಿನ ಕೊಂಬೆಯಲ್ಲಿ ಕೂರಿಸಿ, ನಡಿಗೆಯ ಪಾಠಕ್ಕೆ ಕೆಳಗಿನ ಕೊಂಬೆಯಲ್ಲಿ ಕೂರಿಸಿ. ಇವಳು ನನಗೂ ಇನ್ನೂ ಪೂರ್ತಿ ಅರ್ಥವಾಗಿಲ್ಲ, ಮೇಷ್ಟ್ರೇ. ಆದರೆ ಐವತ್ತು ಅಂಕದ ಮಗು ನಮ್ಮ ಮನೆಯಲ್ಲಿ ಯಾವುದೂ ಇಲ್ಲ."